ತಿಮ್ಮಪ್ಪನ ಪಾದದ ಫೈಲು

ಮೈದುನ ಆಶಿಷ್‌ಗೆ ಬುದ್ಧಿ ಕಡಿಮೆ ಎಂಬುದು ಅಮಿತಾಗೆ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ತಿಳಿದಿತ್ತು. ಮನೆಯಲ್ಲಿ ಒಬ್ಬ ದಡ್ಡನಿದ್ದರೆ ಅಂಥ ತೊಂದರೆಯೇನಿಲ್ಲ, ಪ್ರತಿ ಮನೆಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಆದರೆ ಆ ದಡ್ಡ ಉಪ್ಪಲ್‌ನಲ್ಲಿ ಗಾಜಿನ ಬಾಗಿಲಿನ ಆಫೀಸು ತೆರೆದು, ತಾನೇ ಮಾಲಕನಾಗಿ, ಅಣ್ಣನ ಹೆಂಡತಿಯನ್ನು ಕೆಲಸಕ್ಕೆ ಇಟ್ಟುಕೊಂಡರೆ ಸಹಿಸುವ ಶಕ್ತಿಯನ್ನು ದೇವರೇ ಕೊಡಬೇಕು. ಮನೆಯಲ್ಲಿ ಅತ್ತಿಗೆಯೆಂದು ‘ವೈನಿ’ ಎನ್ನುತ್ತಿದ್ದವನು ಆಫೀಸಿನಲ್ಲಿ ‘ಅಮಿತಾ ಮೇಡಂ’ ಎನ್ನುತ್ತಿದ್ದ, ಅದೂ ಹೊರಗಿನವರು ಯಾರಾದರೂ ಬಂದು ಕೂತಿದ್ದರೆ ಮಾತ್ರ.

ಕಂಪ್ಯೂಟರಿನಲ್ಲಿ ಪಾಠ ಕಟ್ಟುವುದು ಆ ಕಂಪನಿಯ ಕೆಲಸ. ಕಾರ್ಖಾನೆಯವರಿಗೆ ಬೆಂಕಿ ಆರಿಸುವ ಪಾಠ, ಆಸ್ಪತ್ರೆಯವರಿಗೆ ಕೈ ತೊಳೆಯುವ ಪಾಠ, ಹೀಗೆ ಚಿತ್ರ, ದನಿ, ಪ್ರಶ್ನೆ, ಉತ್ತರ ಎಲ್ಲ ಹೊಂದಿಸಿ ಕೊಡಬೇಕು. ಅದನ್ನೆಲ್ಲ ಕಟ್ಟುತ್ತಿದ್ದವಳು ಅಮಿತಾ. ಆಶಿಷ್ ಕಟ್ಟುತ್ತಿದ್ದುದು ಟೈ ಮಾತ್ರ.

ಒಂದು ದಿನ ಅವನು ಗಚ್ಚಿಬೌಲಿಯ ಯಾವುದೋ ದೊಡ್ಡ ಕಂಪನಿಗೆ ಹೋಗಿ ಬಂದ. ಅಲ್ಲಿ ಎಲ್ಲರ ಮೇಜಿನ ಮೇಲೂ ಕಚ್ಚಿದ ಸೇಬಿನ ಗುರುತಿನ ಮ್ಯಾಕ್ ಕಂಪ್ಯೂಟರುಗಳಿದ್ದವಂತೆ. ಬಂದವನಿಗೆ ಊಟ ಸೇರಲಿಲ್ಲ. ಮುಂದಿನ ವಾರವೇ ಆಫೀಸಿನ ಹಳೆಯ ವಿಂಡೋಸ್ ಲ್ಯಾಪ್‌ಟಾಪುಗಳನ್ನೆಲ್ಲ ಒಳಗಿದ್ದುದನ್ನು ಅಳಿಸಿ, ಅಂಗಡಿಯವನಿಗೆ ಕೊಟ್ಟು, ಬದಲಿಗೆ ಹೊಸ ಮ್ಯಾಕ್‌ಗಳನ್ನು ತಂದು ಸಾಲಾಗಿ ಇಟ್ಟ. ಪೆನ್ ಡ್ರೈವ್ ಹಾಕಲು ತೂತು ಕೂಡ ಇಲ್ಲದ ಯಂತ್ರಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಮಿತಾ ಮನಸ್ಸಿನಲ್ಲೇ ಅಂದುಕೊಂಡಳು. ಏಕೆಂದರೆ ಪಾಠ ಕಟ್ಟುವ ಸಾಫ್ಟ್‌ವೇರು ಓಡುವುದು ವಿಂಡೋಸಿನಲ್ಲಿ ಮಾತ್ರ. ಅಷ್ಟನ್ನು ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಅವನು ಆಶಿಷ್ ಹೇಗಾದಾನು?

“ಮ್ಯಾಕಿನ್ಯಾಗೂ ವಿಂಡೋಸ್ ಹಾಕಲಿಕ್ಕೆ ಬರ್ತದ್ರಿ ವೈನಿ. ನಾ ವಿಡಿಯೋದಾಗ ನೋಡೀನಿ,” ಎಂದ.

“ಅದು ಹಳೇ ಮ್ಯಾಕಿಗೆ. ನೀ ತಂದದ್ದು ಹೊಸಾದು. ಇದರ ಚಿಪ್ಪೇ ಬ್ಯಾರೆ ಅದ.”

“ಚಿಪ್ ಅಂದ್ರ ಎಲ್ಲಾ ಒಂದೇ ಅಲ್ಲೇನ್ರಿ?”

ಕೋಣನ ಮುಂದೆ ಕಿನ್ನರಿ ಬಾರಿಸಿ ಅಮಿತಾಗೆ ಸಾಕಾಗಿತ್ತು. ತಾನೇ ಕೂತು, ಓದಿ, ದಾರಿ ಹುಡುಕಿದಳು. ಮ್ಯಾಕಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರು ಇದ್ದಂತೆ ತೋರಿಸುವ ಒಂದು ಪ್ರೋಗ್ರಾಂ ಹಾಕಬೇಕು, ಆ ಸುಳ್ಳು ಕಂಪ್ಯೂಟರಿನೊಳಗೆ ಹೊಸ ಚಿಪ್ಪಿಗೆ ಒಗ್ಗುವ ವಿಂಡೋಸ್ ಹಾಕಬೇಕು, ಅದರೊಳಗೆ ಪಾಠದ ಸಾಫ್ಟ್‌ವೇರು ಹಾಕಬೇಕು. ಇಷ್ಟೆಲ್ಲ ಹೊರುವ ತಾಕತ್ತು ಇದ್ದುದು ಆಶಿಷ್‌ನ ಯಂತ್ರಕ್ಕೆ ಮಾತ್ರ. ಎಲ್ಲರಿಗಿಂತ ದೊಡ್ಡದನ್ನು ತನಗೆ ಇಟ್ಟುಕೊಂಡು ಅದರಲ್ಲಿ ಅವನು ಕ್ರಿಕೆಟ್ ಸ್ಕೋರು ನೋಡುತ್ತಿದ್ದ. ಅಮಿತಾ ಅವನ ಕುರ್ಚಿಯಲ್ಲೇ ಕೂತು ಎಲ್ಲವನ್ನೂ ಓಡುವಂತೆ ಮಾಡಿದಳು. ಮರುದಿನ ಯಾರಿಗೋ ಫೋನಿನಲ್ಲಿ, “ಹಾಂ ಸಾಬ್, ಮೈನೇ ಸೆಟ್ ಕರ್ ದಿಯಾ,” ಎಂದು, ಎಲ್ಲ ತಾನೇ ಮಾಡಿದೆನೆಂದು ಅವನು ಹೇಳುತ್ತಿದ್ದುದನ್ನು ಅವಳು ತನ್ನ ಕಿವಿಯಾರೆ ಕೇಳಿದಳು.

ಈ ಏರ್ಪಾಟಿನಲ್ಲಿ ಒಂದು ಅಪಾಯವಿತ್ತು. ಕೆಲಸದ ಫೈಲು ಒಳಗಿನ ವಿಂಡೋಸಿನ ಸ್ವಂತ ಸಿ ಡ್ರೈವಿನಲ್ಲೇ ಇರಬೇಕು. ವಿಂಡೋಸಿನ ಒಳಗೆ ಕಾಣುವ ಡೆಸ್ಕ್‌ಟಾಪು ವಿಂಡೋಸಿನದಲ್ಲ, ಹೊರಗಿನ ಮ್ಯಾಕಿನದು. ಅಲ್ಲಿ ಫೈಲು ಇಟ್ಟರೂ ತೆರೆಯುತ್ತದೆ, ಸೇವ್ ಆಗುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಒಂದು ದಿನ ಒಳಗಿನಿಂದಲೇ ಕೊಳೆತು ಕೂತಿರುತ್ತದೆ. ಅಮಿತಾ ಇದನ್ನು ಅವನಿಗೆ ಒಮ್ಮೆ ಹೇಳಿದ್ದಳು. ಅವನು ಫೋನು ನೋಡುತ್ತ “ಓಕೆ ಓಕೆ” ಎಂದಿದ್ದ. ಎರಡನೇ ಸಲ ಹೇಳುವುದು ಅವಳ ಸ್ವಭಾವದಲ್ಲೇ ಇರಲಿಲ್ಲ.

ಆ ವರ್ಷ ಅವಳ ಕೈಯಲ್ಲಿದ್ದುದು ಒಂದು ಕಟ್ಟಡದ ಕಂಪನಿಯ ಕೆಲಸ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಎತ್ತರದ ಕಟ್ಟಡಗಳ ಮೇಲೆ ದುಡಿಯುವವರಿಗೆ ಕನ್ನಡದಲ್ಲಿ ಸುರಕ್ಷತೆಯ ಪಾಠ. ಪಾಠ ಬರೆದವಳು ಅವಳು. ಓದಿದವರು ಅವಳ ಮಾವ ಗುರುರಾಜ. ನಾಂಪಲ್ಲಿಯ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ನಿವೃತ್ತಿಯವರೆಗೆ ಇದ್ದವರು, ಶಾಲೆಗಳ ತಪಾಸಣೆಗೆ ಹೋದರೆ ಅಂಗಳದಲ್ಲಿ ನಿಂತು ಮಾತಾಡಿದ್ದು ಕೊನೆಯ ಕೋಣೆಗೆ ಕೇಳುತ್ತಿತ್ತಂತೆ. ತಾರ್ನಾಕದ ಮನೆಯ ದೇವರ ಕೋಣೆಯಲ್ಲಿ, ಸದ್ದು ಬಾರದಂತೆ ಬಾಗಿಲಿಗೆ ಹೊದೆಯುವ ರಜಾಯಿ ಇಳಿಬಿಟ್ಟು, ಮ್ಯಾಕ್ ಬರುವ ಮುಂಚಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಸೀದಾ ಪಾಠದ ಫೈಲಿನೊಳಕ್ಕೇ ಅವರ ದನಿಯನ್ನು ಅಮಿತಾ ತುಂಬಿಸಿದ್ದಳು. ಅವಳು ಬರೆದಿದ್ದ ಪುಸ್ತಕದ ಕನ್ನಡವನ್ನು ಮಾವ ಪಕ್ಕಕ್ಕೆ ಸರಿಸಿ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದರು.

“ಮ್ಯಾಲ ಏರೂಕಿಂತ ಮೊದಲ ಹಗ್ಗ ಜಗ್ಗಿ ನೋಡೋ ತಮ್ಮಾ. ನಿಂದಷ್ಟೇ ಅಲ್ಲ, ಬಾಜೂಕಿನವಂದೂ ನೋಡು. ಸಡ್ಲ ಆಗಿದ್ದು ಕಂಡ್ರ ಬಾಯಿಬಿಟ್ಟು ಹೇಳು. ಕಂಡೂ ಸುಮ್ಮನಿದ್ದಾಂವ ತಾನೇ ನೂಕಿದಂಗ.”

ಒಂದು ಕಟ್ಟಡದ ಬುಡದಲ್ಲಿ ಇದನ್ನು ಕೇಳಿಸಿ ನೋಡಿದಾಗ ಗಾರೆ ಹೊರುವ ಬಂಡೆಮ್ಮ ಎಂಬ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. “ಯಪ್ಪಾ, ಯಾರ್ರೀ ಇವ್ರು? ನಮ್ಮಪ್ಪ ಬೈಯಾಕತ್ತಂಗ ಐತ್ರಿ,” ಎಂದಿದ್ದಳು. ಮಾವನಿಗೆ ಅದನ್ನು ಹೇಳಿದ ದಿನ ಅವರು ಎರಡು ತುತ್ತು ಹೆಚ್ಚು ಉಂಡರು.

ಬೇಸಿಗೆಯಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಹತ್ತಿರ ಕೂತವರಿಗೆ ಮಾತ್ರ ಕೇಳುವ ಪಿಸುಮಾತು. ಅವರ ಆ ದೊಡ್ಡ ದನಿ ಉಳಿದಿದ್ದುದು ಹಳೆಯ ಯಂತ್ರದಿಂದ ಮ್ಯಾಕಿಗೆ ತಂದಿಟ್ಟ ಪಾಠದ ಫೈಲಿನಲ್ಲಿ, ಅದೊಂದರಲ್ಲೇ. ದಸರೆಗೆ ಪಾಠ ಮುಗಿಯುತ್ತದೆ, ದಶಮಿಯ ದಿನ ಆಫೀಸಿಗೆ ಬಂದು ಎಲ್ಲವನ್ನೂ ಕೇಳಿ ಎಂದು ಅಮಿತಾ ಹೇಳಿದ್ದಳು. ಅವರು ದಿನಾ ಕ್ಯಾಲೆಂಡರು ನೋಡುತ್ತಿದ್ದರು.

ನವರಾತ್ರಿಯ ಮೊದಲ ದಿನ ಅತ್ತೆ ತುಳಸಾಬಾಯಿ ಎಂದಿನಂತೆ ಮನೆಯಲ್ಲಿ ಘಟ ಸ್ಥಾಪಿಸಿದರು. ಒಮ್ಮೆ ಸ್ಥಾಪಿಸಿದ ಘಟವನ್ನು ದಶಮಿಯವರೆಗೆ ಯಾರೂ ಅಲುಗಿಸುವಂತಿಲ್ಲ. ಅದನ್ನು ನೋಡಿ ಆಶಿಷ್‌ನ ತಲೆಯಲ್ಲಿ ದೀಪ ಹೊತ್ತಿತು. ಆಫೀಸಿಗೆ ಬಂದವನೇ ತನ್ನ ಮ್ಯಾಕಿನ ಡೆಸ್ಕ್‌ಟಾಪಿಗೆ ಮನೆದೇವರು ತಿರುಪತಿ ತಿಮ್ಮಪ್ಪನ ದೊಡ್ಡ ಪಟ ಹಾಕಿದ. ಆಮೇಲೆ ಪಾಠದ ಫೈಲನ್ನು ಸಿ ಡ್ರೈವಿನಿಂದ ತೆಗೆದು, ಎಳೆದು ತಂದು, ಸರಿಯಾಗಿ ತಿಮ್ಮಪ್ಪನ ಎರಡು ಪಾದಗಳ ನಡುವೆ ಇಟ್ಟ. ಎರಡು ಸಲ ಜಾರಿ ಮೊಣಕಾಲಿಗೆ ಹೋಗಿತ್ತಂತೆ, ಮತ್ತೆ ಕೆಳಗೆ ತಂದನಂತೆ. ಫೋಟೋ ತೆಗೆದು ತಾಯಿಗೆ ಕಳಿಸಿದ. ತುಳಸಾಬಾಯಿ ಕೂಡಲೇ ಫೋನು ಮಾಡಿದರು.

“ಭಾಳ ಚಲೋ ಮಾಡಿದಿ ನೋಡು. ಅಮಿತಾಗ ಹೇಳು, ದಶಮಿ ತನಕಾ ಅಲ್ಲಿಂದ ತಗೀಬಾರದು. ಘಟ ಇದ್ದಂಗ ಅದು.”

“ಕೇಳಿದ್ರಲ್ರಿ ವೈನಿ?” ಎಂದ ಆಶಿಷ್, ಎಲ್ಲ ಹಲ್ಲುಗಳನ್ನೂ ತೋರಿಸುತ್ತ. “ಕೆಲಸ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪಾದದ ಮ್ಯಾಲಿಂದನೇ ಓಪನ್ ಮಾಡ್ರಿ, ಪಾದದ ಮ್ಯಾಲೇ ಸೇವ್ ಮಾಡ್ರಿ.”

ಅಮಿತಾ ಅವನ ಮುಖ ನೋಡಿದಳು. ಹೇಳಬಹುದಿತ್ತು. ಒಂದೇ ಮಾತು ಸಾಕಾಗಿತ್ತು. ಆದರೆ ಅವಳೊಳಗೆ ಆಗ ಎದ್ದದ್ದು ಒಂದು ಹಿತವಾದ ತಿರಸ್ಕಾರ. ಇವನು ಹಾಳು ಮಾಡಿದ್ದನ್ನೆಲ್ಲ ಇಲ್ಲಿಯವರೆಗೆ ತಾನೇ ಸರಿಮಾಡಿದ್ದಾಗಿದೆ, ಪ್ರತಿ ಸಲ ಹೆಸರು ಇವನಿಗೇ ಹೋಗಿದೆ. ಈ ಸಲ ಬೀಳಲಿ. ಫೈಲು ಒಮ್ಮೆ ಎಡವಲಿ, ‘ವೈನಿ, ಈಗೇನ ಮಾಡೂಣ್ರಿ’ ಎಂದು ಕೈ ಹಿಸುಕುತ್ತ ಬರಲಿ, ಆಗ ಎಲ್ಲರ ಮುಂದೆ ಹೇಳುತ್ತೇನೆ. ಹಾಗೆಂದುಕೊಂಡು ಅವಳು “ಆತು” ಎಂದಳು.

ಅಂದಿನಿಂದ ದಿನವೂ ತಿಮ್ಮಪ್ಪನ ಪಾದದಿಂದ ಫೈಲು ತೆರೆದು, ಚಿತ್ರ ತಿದ್ದಿ, ಪ್ರಶ್ನೆ ತಿದ್ದಿ, ಪಾದದಲ್ಲೇ ಉಳಿಸುತ್ತಿದ್ದಳು. ಫೈಲು ಎಡವಲಿಲ್ಲ. ಆಶಿಷ್ ದಿನಾ ಬೆಳಿಗ್ಗೆ ಪರದೆಗೆ ಊದುಬತ್ತಿ ಬೆಳಗಿ, “ನೋಡ್ರಿ, ಎಷ್ಟು ಸ್ಮೂತ್ ನಡದದ,” ಎನ್ನುತ್ತಿದ್ದ. ಆ ಊದುಬತ್ತಿಯ ಹೊಗೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಸಿ ಡ್ರೈವಿನಲ್ಲಿ ಒಂದು ನಕಲು ಇಟ್ಟುಬಿಡೋಣ ಎಂದು ಒಮ್ಮೊಮ್ಮೆ ಕೈ ಹೋಗುತ್ತಿತ್ತು. ಮಾವನ ದನಿ ಅದರೊಳಗಿದೆ ಎಂಬುದನ್ನು ಅವಳು ಮರೆತಿರಲಿಲ್ಲ. ಆದರೆ ನಕಲು ಇಟ್ಟರೆ ಈ ಮೂಢ ಗೆದ್ದಂತೆಯೇ, ಪಾದದ ಮಹಿಮೆಯಿಂದ ಉಳಿಯಿತು ಎಂದು ಊರಿಗೆಲ್ಲ ಸಾರುತ್ತಾನೆ. ನಾಳೆ ಇಟ್ಟರಾಯಿತು ಎಂದು ಕೈ ಹಿಂದೆ ತೆಗೆಯುತ್ತಿದ್ದಳು.

ಅಷ್ಟಮಿಯ ಮಧ್ಯಾಹ್ನ ಯಾಕೋ ಅವಳಿಗೆ ತಡೆಯಲಾಗಲಿಲ್ಲ. ಊಟ ಮುಗಿಸಿದವಳೇ ನಕಲು ಮಾಡಲೆಂದು ಬೇಗ ಬಂದಳು. ಬಂದು ನೋಡಿದರೆ ಮೇಜುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ಚೆಂಡುಹೂವಿನ ಹಾರ ಹಾಕಿ, ಮ್ಯಾಕ್‌ಗಳನ್ನು ಮುಚ್ಚಿ ಕುಂಕುಮ ಇಟ್ಟಾಗಿತ್ತು.

“ನಾಳೆ ಖಂಡೇಪೂಜಾ ಮುಹೂರ್ತ ನಸುಕಿನ್ಯಾಗೇ ಅದ್ರಿ ವೈನಿ. ಅದಕ್ಕ ಇವತ್ತೇ ಇಟ್ಟಬಿಟ್ಟೆ,” ಎಂದ ಆಶಿಷ್.

“ಒಳಗ ಪಾಠ ತೆರದಿಟ್ಟಿದ್ದೆ. ಬಂದ್ ಮಾಡಿದ್ಯಾ?”

“ಮುಚ್ಚಿದ್ರ ತಾನೇ ಬಂದ್ ಆಗ್ತದ್ರಿ. ಚಾರ್ಜ್ ಮುಗದಿತ್ತು, ಅದ ಆರಿತು.”

ಆಯುಧಪೂಜೆಗೆ ಇಟ್ಟದ್ದನ್ನು, ಅದು ಕಂಪ್ಯೂಟರೇ ಆದರೂ, ದಶಮಿಯವರೆಗೆ ಮುಟ್ಟುವಂತಿಲ್ಲ. ತುಳಸಾಬಾಯಿ ಅಲ್ಲೇ ಕೂತು ಹೂ ಕಟ್ಟುತ್ತಿದ್ದರು. ಅಮಿತಾ ಬಾಯಿ ತೆರೆದು, ಅತ್ತೆಯ ಮುಖ ನೋಡಿ, ಮತ್ತೆ ಮುಚ್ಚಿಕೊಂಡಳು. ಅಂದಿನಿಂದ ಅವಳ ಎದೆಯಲ್ಲಿ ಸಣ್ಣ ಭಯ ಸೇರಿಕೊಂಡಿತು.

ದಶಮಿಯ ಬೆಳಿಗ್ಗೆ ಗುರುರಾಜ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ತಾರ್ನಾಕದಿಂದ ಮೆಟ್ರೋ ಹಿಡಿದು ಹೆಂಡತಿಯ ಜೊತೆ ಉಪ್ಪಲ್‌ಗೆ ಬಂದರು. ಅವರನ್ನು ದೊಡ್ಡ ಕುರ್ಚಿಯಲ್ಲಿ ಕೂಡಿಸಿದರು. ಆಶಿಷ್ ತೆಂಗಿನಕಾಯಿ ಒಡೆದು, ಯಂತ್ರ ತೆರೆದು, ದೊಡ್ಡ ಸ್ಪೀಕರು ಜೋಡಿಸಿ, “ಈಗ ಕೇಳ್ರಿ ಅಪ್ಪಾ,” ಎಂದು ತಿಮ್ಮಪ್ಪನ ಪಾದದ ಮೇಲೆ ಎರಡು ಸಲ ಒತ್ತಿದ.

ಒಂದು ಸಣ್ಣ ಚೌಕ ಬಂತು. ಈ ಫೈಲು ಕೆಟ್ಟಿದೆ, ತೆರೆಯಲಾಗದು.

ಮತ್ತೆ ಒತ್ತಿದ. ಮತ್ತೆ ಅದೇ. ಮ್ಯಾಕು ತಾನಾಗಿ ಇಂಟರ್‌ನೆಟ್ಟಿನಲ್ಲಿ ಇಟ್ಟುಕೊಳ್ಳುವ ಪ್ರತಿಯನ್ನು ಇಳಿಸಿದರು. ಕೆಟ್ಟದ್ದನ್ನೇ ಅದು ನಿಷ್ಠೆಯಿಂದ ಕಾಪಾಡಿಕೊಂಡಿತ್ತು. ಆಶಿಷ್‌ನ ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿತು. ಸುತ್ತ ನೋಡಿದ, ಯಾರಾದರೂ ಒಬ್ಬರು ಬೇಕಾಗಿತ್ತು.

“ವೈನೀನೇ ಏನೋ ಮಾಡ್ಯಾರ. ಕಡೀಕೆ ಅವರೇ ಓಪನ್ ಮಾಡಿದ್ದು. ಅವರಿಗೆ ಮ್ಯಾಕ್ ಸರಿ ಬರೂದಿಲ್ಲ.”

ಇಷ್ಟು ದಿನ ಕಾದಿದ್ದ ಕ್ಷಣ ಅದು. ಅಮಿತಾ ಎದ್ದು ನಿಂತಳು.

“ನನಗ ಬರೂದಿಲ್ಲ? ಕೇಳು. ಈ ಡೆಸ್ಕ್‌ಟಾಪು ಒಳಗಿನ ವಿಂಡೋಸಂದಲ್ಲ, ಹೊರಗಿನ ಮ್ಯಾಕಿಂದು. ಇಲ್ಲಿಟ್ಟು ಕೆಲಸ ಮಾಡಿದ್ರ ಫೈಲು ಕೆಡತದ. ಸಿ ಡ್ರೈವಿನ್ಯಾಗೇ ಇಡಬೇಕು. ಮೊದಲನೇ ದಿನ ನೀ ಅದನ್ನ ಅಲ್ಲಿಂದ ಎಳದು ತಂದಿ. ದಿನಾ ಸೇವ್ ಮಾಡಿದಾಗೆಲ್ಲಾ ಅದು ಸಾಯಲಿಕತ್ತಿತ್ತು, ನೀ ಊದುಬತ್ತಿ ಬೆಳಗಲಿಕತ್ತಿದ್ದಿ. ಅಷ್ಟಮಿ ದಿನ ಪಾಠ ತೆರದಿದ್ದಂಗನ ಯಂತ್ರ ಮುಚ್ಚಿ ಅದರ ಕುತ್ತಿಗಿ ಹಿಸುಕಿದಿ. ಚಿಪ್ ಅಂದ್ರ ಎಲ್ಲಾ ಒಂದೇ ಅನ್ನಾಂವಗ ಇದೆಲ್ಲಾ ಎಲ್ಲಿ ತಿಳೀಬೇಕು!”

ಎಂಥ ಮಾತು! ಒಂದಕ್ಷರ ತಪ್ಪಲಿಲ್ಲ. ಆಶಿಷ್ ತಲೆ ತಗ್ಗಿಸಿದ. ತುಳಸಾಬಾಯಿ ಹೂವಿನ ಬುಟ್ಟಿ ಕೆಳಗಿಟ್ಟರು. ಅಮಿತಾ ಉಸಿರು ತೆಗೆದುಕೊಂಡು, ಒಪ್ಪಿಗೆಗಾಗಿ ಮಾವನ ಕಡೆ ನೋಡಿದಳು. ಅವರು ಸ್ಪೀಕರಿನ ಕಡೆ ನೋಡುತ್ತಿರಲಿಲ್ಲ, ಮಗನ ಕಡೆಯೂ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು. ಆಮೇಲೆ ಕೋಲು ಹುಡುಕಿ ಮೆಲ್ಲಗೆ ಎದ್ದರು.

ಸಂಜೆ ತಾರ್ನಾಕದ ಮನೆಯಲ್ಲಿ ಬನ್ನಿ ಕೊಡುವ ಹೊತ್ತು. ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ, ಕಾಲಿಗೆ ಬೀಳುತ್ತಾರೆ. ವರ್ಷದ ಜಗಳಗಳೆಲ್ಲ ಅಲ್ಲಿಗೆ ಮುಗಿಯಬೇಕೆಂಬುದು ರೂಢಿ. ಆಶಿಷ್ ಮೊದಲು ಹೋದ. ಬನ್ನಿ ಕೊಡುವಾಗ ಆ ದಡ್ಡನಿಗೆ ಅಳು ಬಂತು. ಗುರುರಾಜ ಅವನ ತಲೆಯ ಮೇಲೆ ಕೈ ಇಟ್ಟು, ಎರಡು ಸಲ ತಟ್ಟಿ ಕಳಿಸಿದರು.

ಅಮಿತಾ ಮುಂದೆ ಬಂದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾವಾರ,” ಎಂದಳು.

ಅವರು ಎಲೆ ತೆಗೆದುಕೊಂಡರು. ಇನ್ನೊಂದು ಕೈಯಿಂದ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಅವಳು ಕಿವಿ ಅವರ ಬಾಯಿಯ ಹತ್ತಿರ ತಂದಳು.

“ಹಗ್ಗ ಸಡ್ಲ ಆಗಿದ್ದು ಕಂಡಿದ್ದಿ ಅಲ್ಲವಾ ನೀ?” ಎಂದು ಪಿಸುಗುಟ್ಟಿದರು.

ಬೈಗುಳ ಇರಲಿಲ್ಲ ಅದರಲ್ಲಿ. ಮಕ್ಕಳನ್ನು ಕೇಳುವ ಹಾಗೆ ಕೇಳಿದ್ದರು. ಆ ಮಾತನ್ನು ಪಾಠದಲ್ಲಿ ಬರೆದವಳು ಅವಳೇ, ಅವರಿಂದ ಹೇಳಿಸಿದವಳೂ ಅವಳೇ.

“ಅಮಿತಾ, ನಮಸ್ಕಾರ ಮಾಡವಾ, ಹಿಂದ ಮಂದಿ ನಿಂತಾರ,” ಎಂದರು ತುಳಸಾಬಾಯಿ.

ಅವಳು ಬಗ್ಗಿದಳು. ಅವರ ಪಾದಗಳ ನಡುವೆ ಹಣೆ ಇಟ್ಟಳು. ಎಷ್ಟು ಹೊತ್ತಾದರೂ ಏಳಲಿಲ್ಲ.