ಕಾಗದದ ಕಂಪ್ಯೂಟರಿಗೆ ಗಾಳಿಯೋ ನೀರೋ

ಸತ್ತವರಿಗೆ ಮನೆ, ಕಾರು, ಅಂಗಿ, ಚಪ್ಪಲಿ ಎಲ್ಲವನ್ನೂ ಕಾಗದದಲ್ಲಿ ಮಾಡಿಕೊಡುವುದು ನಮ್ಮ ಮನೆತನದ ಕಸುಬು. ಪೆನಾಂಗಿನ ಈ ಓಣಿಯಲ್ಲಿ ಕೂತು ಬಿದಿರು ಸೀಳುತ್ತೇವೆ, ಅಂಟು ಬಳಿದು ಬಣ್ಣದ ಕಾಗದ ಹೊದಿಸುತ್ತೇವೆ. ಹೆಸರು ಕೂಗಿ ಸುಟ್ಟರೆ ಅದು ಅವರ ಕೈ ಸೇರುತ್ತದೆ. ಇಲ್ಲಿ ಒಂದು ಚಿಲಕ ಮರೆತರೆ ಅಲ್ಲಿ ಬಾಗಿಲು ಮುಚ್ಚುವುದಿಲ್ಲ ಎಂದು ಅಜ್ಜಿ ನನ್ನನ್ನು ಹೆದರಿಸಿ ಬೆಳೆಸಿದ್ದಳು.

ಹಾಗಾಗಿ ಗೈಕ್ ಸುವಾನ್ ಆಂಟಿ ಬಂದು, ತೀರಿಹೋದ ಮಗನಿಗೆ ಕಂಪ್ಯೂಟರ್ ಬೇಕು ಎಂದಾಗ ಕೇಳಲೇಬೇಕಾಯಿತು.

"ಒಳಗಿನ ಪ್ರೊಸೆಸರಿಗೆ ತಂಪು ಯಾವುದು ಆಂಟಿ? ಗಾಳೀದೋ, ನೀರಿಂದೋ?"

"ನೀರಿಂದು," ಎಂದರು, ಯೋಚಿಸದೆ.

"ಗಾಳೀದು," ಎಂದಳು ಜೊತೆಗೆ ಬಂದಿದ್ದ ಮಗಳು ಚೂಯಿ ಪೆಂಗ್. "ಅಣ್ಣ ತಗೋಬೇಕು ಅಂತಿದ್ದಿದ್ದು ಅದನ್ನೇ ಅಮ್ಮಾ. ಕರೆಂಟಿನ ಪಕ್ಕ ನೀರು ಇಡೋದು ಹುಚ್ಚರ ಕೆಲ್ಸ ಅಂತಿದ್ದ."

"ನಿಮ್ಮಣ್ಣ ನೀರೇ ಹಾಕ್ದೆ ಮೊಟ್ಟೆ ಬೇಯಿಸಿ ಪಾತ್ರೆ ಸುಟ್ಟೋನು. ಅವನ ಮಾತು ಬೇರೆ ಕೇಳ್ಬೇಕಾ?"

ನಮಗೆ ಬಂದ ನಗು ತುಟಿಯಲ್ಲೇ ಒಣಗಿತು. ಅವರ ಮಗ ಬೂನ್ ಕೀಟ್ ಹೋದದ್ದು ಡೆಂಗಿ ಜ್ವರದಲ್ಲಿ. ಆಸ್ಪತ್ರೆಯಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದ ತಾಯಿಗೆ ತಂಪು ಎಂದರೆ ನೀರೇ.

"ಎರಡಕ್ಕೂ ಏನು ವ್ಯತ್ಯಾಸ, ಹುಡುಗೀ?" ಆಂಟಿ ನನ್ನ ಕಡೆ ತಿರುಗಿದರು.

ಹಿಂದೊಮ್ಮೆ ಇಂಥದ್ದೇ ಬೇಡಿಕೆ ಬಂದಾಗ ಕಂಪ್ಯೂಟರ್ ಅಂಗಡಿಯಲ್ಲಿ ಎರಡನ್ನೂ ಬಿಚ್ಚಿಸಿ ನೋಡಿ ಬಂದಿದ್ದೆ. "ಗಾಳೀದು ಅಂದ್ರೆ ತೆಳು ಲೋಹದ ಹಾಳೆಗಳ ಗೋಪುರ, ಮುಂದೊಂದು ಫ್ಯಾನ್. ಜಾಗ ಜಾಸ್ತಿ ತಿನ್ನುತ್ತೆ, ಕೆಲಸ ಹೆಚ್ಚಾದ್ರೆ ಗುಂಯ್ ಅನ್ನುತ್ತೆ. ಆದ್ರೆ ಕೆಡೋದು ಆ ಫ್ಯಾನ್ ಒಂದೇ, ಅವರೇ ಬದಲಾಯಿಸ್ಕೋಬಹುದು. ಇನ್ನೊಂದರಲ್ಲಿ ಪಂಪ್ ಇರುತ್ತೆ. ನೀರು ಬಿಸಿ ಹೊತ್ಕೊಂಡು ಪೈಪಲ್ಲಿ ಹೋಗಿ, ತಣ್ಣಗಾಗಿ ವಾಪಸ್ ಬರುತ್ತೆ. ನೋಡೋಕೆ ಚೆಂದ. ಐದಾರು ವರ್ಷಕ್ಕೆ ಪಂಪ್ ನಿಂತ್ರೆ ಇಡೀದೇ ಹೊಸದು ಹಾಕ್ಬೇಕು."

"ಕೇಳಿಸ್ಕೊಂಡ್ಯಾ?" ಎಂದಳು ಚೂಯಿ ಪೆಂಗ್. "ಅಲ್ಲಿ ಹೊಸದು ಎಲ್ಲಿಂದ ತರ್ತಾನೆ?"

ಆಂಟಿ ನನ್ನನ್ನೇ ಕೇಳಿದರು, "ಹೌದು, ಎಲ್ಲಿಂದ ತರ್ತಾನೆ?"

"ಕನಸಿಗೆ ಬಂದು ಕೇಳ್ತಾರೆ ಆಂಟಿ." ಅಜ್ಜಿಯ ಕಥೆಗಳಲ್ಲೆಲ್ಲ ಹಾಗೇ. ಕಾಗದದ ಮನೆಯ ಸೂರು ಸೋರಿದ ಮುದುಕ ತೊಟ್ಟಿಕ್ಕುವ ಕೂದಲಲ್ಲಿ ಮಂಚದ ಬಳಿ ಬಂದು ನಿಲ್ಲುತ್ತಾನೆ. ಒಂದೇ ಚಪ್ಪಲಿ ತಲುಪಿದ ಮದುಮಗಳು ಕುಂಟುತ್ತಾ ಬರುತ್ತಾಳೆ. ಏನೂ ಕೊರತೆಯಿಲ್ಲದವರು ಮಾತ್ರ ಬರುವುದಿಲ್ಲ.

"ಹಾಗಾದ್ರೆ ನೀರಿಂದೇ ಮಾಡು."

"ಅಮ್ಮಾ!" ಚೂಯಿ ಪೆಂಗಳ ಮುಖ ಕೆಂಪಾಯಿತು. "ಅವನ ಮೆಷೀನು ಕೆಡ್ಲಿ ಅಂತ ಕಾಯ್ತೀಯಾ?"

"ಬೇರೆ ರೂಮು ಮಾಡಿದ್ಮೇಲೆ ಅವನು ನಂಗೆ ಫೋನ್ ಮಾಡ್ತಿದ್ದಿದ್ದು ಯಾವಾಗ? ಏನಾದ್ರೂ ಕೆಟ್ಟಾಗ. ನಲ್ಲಿ ಕೆಟ್ಟಾಗ, ಹೊಟ್ಟೆ ಕೆಟ್ಟಾಗ. ಎಲ್ಲಾ ಸರಿಯಿದ್ದಾಗ ಅಮ್ಮ ನೆನಪಾಗ್ತಿದ್ಳಾ? ಹೇಳು."

ಮಗಳು ಹೊರಗೆ ಹೋಗಿ ನಿಂತಳು.

ನೀರನ್ನು ಕಾಗದದೊಳಗೆ ತುಂಬಲಾಗದು. ಕಪ್ಪು ಕಾಗದ ಸುತ್ತಿ ಪೈಪು ಮಾಡಿದೆ, ಒಳಗೆ ನೀಲಿ ಕಾಗದದ ಎಳೆ ಇಳಿಬಿಟ್ಟೆ. ಮರುದಿನ ಚೂಯಿ ಪೆಂಗ್ ಒಬ್ಬಳೇ ಬಂದಳು. "ಗಾಳೀದನ್ನೂ ಒಂದು ಮಾಡು. ಅಮ್ಮನ ಕಣ್ಣು ತಪ್ಪಿಸಿ ಏನೂ ಮಾಡಲ್ಲ. ಎದುರಿಗಿಟ್ಟೇ ಕೇಳ್ತೀನಿ." ಬೇಗಡೆ ಕತ್ತರಿಸಿ, ಹಾಳೆಯ ಮೇಲೆ ಹಾಳೆ ಪೋಣಿಸಿ ಗೋಪುರವನ್ನೂ ಕಟ್ಟಿದೆ.

ದೇವಸ್ಥಾನದ ಹಿಂದೆ ಸುಡುವ ಜಾಗದಲ್ಲಿ ಕಂಪ್ಯೂಟರನ್ನು ಇಳಿಸಿ, ಪಕ್ಕದಲ್ಲಿ ಗೋಪುರ ಇಟ್ಟೆವು. ಚೂಯಿ ಪೆಂಗ್ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ಅವನು ಬರೋದು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಪಂಪ್ ನಿಂತ ದಿನ ಮೆಷೀನು ಕಾದುಬಿಡುತ್ತೆ. ನೀನು ಕನಸು ಕಂಡು, ಹೊಸದು ಮಾಡಿಸಿ, ಇಲ್ಲಿ ಬಂದು ಸುಡೋವರೆಗೂ ಅವನು ಆ ಬಿಸಿ ಮುಂದೆ ಒಬ್ನೇ ಕೂತಿರ್ತಾನೆ."

ಆಂಟಿಯ ಕೈ ಕಪ್ಪು ಪೈಪಿನ ಮೇಲಿತ್ತು. ಅದನ್ನು ಸವರಿದರು, ಮತ್ತೆ ಸವರಿದರು. ಆಮೇಲೆ ಬುಡ ಹಿಡಿದು ಕಿತ್ತರು.

"ಅದು ಎಲ್ಲಿ ಕೂರಬೇಕು, ತೋರ್ಸು."

ತೋರಿಸಿದೆ. ಕೂರಿಸುವಾಗ ಗೋಪುರದ ಒಂದು ಹಾಳೆ ಮಡಚಿಕೊಂಡಿತು. ಅದನ್ನು ಉಗುರಿನಿಂದ ನೇರ ಮಾಡಿ, ತಾವೇ ಅಂಟಿಸಿದರು.

ಬೆಂಕಿ ಹಚ್ಚಿದೆವು. "ಅಣ್ಣಾ! ಬೂನ್ ಕೀಟ್! ಬಾ, ತಗೋ!" ಎಂದು ಚೂಯಿ ಪೆಂಗ್ ಕೂಗಿದಳು. ಬೇಗಡೆ ಮುರುಟಿ ಕಪ್ಪಾಗುವ ಹೊತ್ತಿಗೆ ಆಂಟಿ ಮೆಲ್ಲಗೆ ಶುರು ಮಾಡಿದರು.

"ಬೂನ್ ಕೀಟ್... ಇದು ಸುಲಭಕ್ಕೆ ಕೆಡಲ್ವಂತೆ ಕಣೋ. ಆದ್ರೂ ಬಾ. ಸುಮ್ನೆ ಬಾ."

ಬೆಂಕಿ ತಗ್ಗಿದ ಮೇಲೂ ಕರೆಯುತ್ತಲೇ ಇದ್ದರು. ಚೂಯಿ ಪೆಂಗ್ ಅವರನ್ನು ಎಬ್ಬಿಸಲಿಲ್ಲ.