ಎಡಗೈಯಲ್ಲಿ ಕಟ್ಟಿದ ರೋಮ್

ಪಟ್ಟಾಭಿರಾಮಯ್ಯನವರಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಬಲಗೈ ಬೆರಳು ಆಡಿಸುತ್ತಲೇ ಇರಬೇಕು ಎಂದು ಹಾಸನದ ಡಾಕ್ಟರು ಹೇಳಿದ ಮೇಲೆ ಮಗಳು ರಂಜನಿ ತನ್ನ ಹಳೇ ಕಂಪ್ಯೂಟರನ್ನು ಹೊಳೆನರಸೀಪುರದ ಮನೆಗೆ ತಂದಿಟ್ಟು, ಹಿಂದಿನ ಕಾಲದ ರೋಮಿನವರ ಊರು ಕಟ್ಟುವ ಆಟವೊಂದನ್ನು ಹಾಕಿಕೊಟ್ಟು ಹೋಗಿದ್ದಳು. ಮೌಸು ಹಿಡಿದು ಒತ್ತುವುದೇ ವ್ಯಾಯಾಮ.

ಯಜಮಾನರು ಕಟ್ಟಿದ್ದೇ ಕಟ್ಟಿದ್ದು. ಮೊದಲು ಐದು ಗುಡಿ, ಆಮೇಲೆ ಬಾವಿ, ಕಣಜ, ಸುತ್ತ ಕೋಟೆ, ಬುರುಜು, ದಂಡಿಗೊಂದು ಪಾಳೆಯ. ಊರು ಬೆಳೆದ ಹಾಗೆ ಹೆಂಡತಿ ಗೋದಮ್ಮನ ಆಸೆಯೂ ಬೆಳೆಯಿತು. ರಾಮದೇವರ ಗುಡಿಯ ಪೂಜೆಯ ಸರದಿ ಯುಗಾದಿಗೆ ಇವರ ಮನೆಗೆ ಬರುತ್ತದೆ. ಮಂಗಳಾರತಿ ಬಲಗೈಯಲ್ಲೇ ಎತ್ತಬೇಕು. "ಕೈ ಸರಿಹೋಗಿದೆ, ನಮ್ಮನೆಯವರೇ ಮಾಡ್ತಾರೆ" ಎಂದು ಮೈದುನ ಈಶ್ವರಯ್ಯನಿಗೆ ನಿನ್ನೆ ತಾನೇ ಹೇಳಿ ಬಂದಿದ್ದಳು.

ಇವತ್ತು ಕಾಫಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಮೌಸು ಎಡಗಡೆ ಇತ್ತು. ದಿನಾ ಎಣ್ಣೆ ತಿಕ್ಕಿದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಇಷ್ಟು ದಿನವೂ ಹೀಗೇನಾ?"

"ಬಲಗೈಲಿ ಒಂದು ಗೋಡೆ ಎಳೆಯೋಕೆ ಅರ್ಧ ಗಂಟೆ ಕಣೇ. ಸಾಕಾಗುತ್ತೆ."

"ಎಡಗೈಲಿ ರೋಮ್ ಕಟ್ಬಹುದು. ಆರತಿ ಎತ್ತೋಕಾಗುತ್ತೇನ್ರೀ?"

ಅಷ್ಟರಲ್ಲಿ ಆಟದೊಳಗೆ ಕಹಳೆ ಕೂಗಿತು. ಉತ್ತರದ ಕಾಡಿನಿಂದ ಶತ್ರುಗಳು ಇಳಿಯುತ್ತಿದ್ದರು. ಮೌಸು ಒತ್ತಿ ಅಪ್ಪಣೆ ಕೊಡದಿದ್ದರೆ ದಂಡು ಪಾಳೆಯ ಬಿಟ್ಟು ಕದಲುವುದಿಲ್ಲ. ಯಜಮಾನರ ಎಡಗೈ ಮೌಸಿಗೆ ಹಾರಿತು. ಗೋದಮ್ಮ ಲೋಟ ಕೆಳಗಿಟ್ಟು ಆ ಕೈ ಹಿಡಿದುಕೊಂಡಳು, ಮೌಸನ್ನು ಬಲಕ್ಕೆ ಸರಿಸಿದಳು.

"ಬಿಡೇ ಗೋದೂ, ಊರು ಸುಡ್ತಾರೆ!"

"ಸುಡ್ಲಿ."

ಬಲಗೈ ಮೇಜು ಹತ್ತಲು ಎಷ್ಟು ಹೊತ್ತು ಹಿಡಿಯಿತೋ. ಬೆರಳು ನಡುಗಿ ಜಾರಿತು, ಮತ್ತೆ ಜಾರಿತು. ಶತ್ರುಗಳು ಗೋಡೆ ಕೆಡವಿದರು. ಕಣಜಕ್ಕೆ ಬೆಂಕಿ ಬಿತ್ತು. ಅವರ ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಕೊನೆಗೆ ಟಕ್ ಎಂದು ಒಂದು ಸದ್ದು. ಒಂದು ತುಕಡಿ ಪಾಳೆಯದಿಂದ ಹೊರಟು, ಉರಿಯುವ ಬೀದಿಯಲ್ಲಿ ಸಾಲಾಗಿ ನಡೆಯಿತು. ಅದೂ ಉಳಿಯಲಿಲ್ಲ.

"ಹೊರಟಿತು, ನೋಡಿದ್ಯಾ?"

"ನೋಡಿದೆ."

ಗೋದಮ್ಮ ಆರಿದ ಕಾಫಿಯನ್ನು ಅವರ ಬಲಗಡೆಗಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?"

"ಈ ವರ್ಷದ ಸರದಿ ಈಶ್ವರನೇ ಮಾಡ್ಲಿ ಅಂತ ಹೇಳಿ ಬರ್ತೀನಿ. ನೀವು ಬಾವಿಯಿಂದ ಶುರು ಮಾಡಿ. ಗುಡಿ ನಿಧಾನಕ್ಕೆ ಕಟ್ಟಿದ್ರಾಯ್ತು."