‘ಆರಿದ ಕುಲುಮೆ’ಗೆ ಡ್ರಮ್ ಬಾರಿಸಿದವಳು

ಟಿಂ ಎಂದಿತೆ, ಇಲ್ಲವೆ, ಎಡಗಿವಿಯಲ್ಲೋ ಬಲಗಿವಿಯಲ್ಲೋ, ಗುಂಡಿ ಒತ್ತಿಬಿಡಲೇ — ಒತ್ತಿದೆ, ಗಾಜಿನಾಚೆ ಕೂತ ಡಾಕ್ಟರಮ್ಮ ತಲೆ ಎತ್ತಲಿಲ್ಲ, ತಪ್ಪಿರಬೇಕು, ಕಿವಿ ಪರೀಕ್ಷೆಯ ಈ ಡಬ್ಬಿಯಂಥ ಕೋಣೆಯ ಮೌನವೇ ಕಿವಿಯೊಳಗೆ ಗುಂಯ್‌ಗುಡುತ್ತಿದೆ, ಒಳಗೆ ಕೂರಿಸುವ ಮುಂಚೆ ಕೇಳಿದಳಲ್ಲ, ಗದ್ದಲದ ಜಾಗದಲ್ಲಿ ಕೆಲ್ಸ ಮಾಡಿದ್ರಾ ಮಿಲ್ಲಿಯವ್ರೇ, ಉಕ್ಕಿನ ಕಾರ್ಖಾನೇಲಾ, ಇಲ್ಲಮ್ಮ ಅದು ನಮ್ಮಪ್ಪ, ನಾನು ಡ್ರಮ್ ಬಾರಿಸ್ತಿದ್ದೆ, ಹೆವಿ ಮೆಟಲ್, ಎಂಬತ್ನಾಲ್ಕರಲ್ಲಿ ನಮ್ದೊಂದು ರೆಕಾರ್ಡು ಬಂದಿತ್ತು, ‘ಆರಿದ ಕುಲುಮೆ’ ಅಂತ — ಕೇಳಿಲ್ಲ ಎಂದು ನಕ್ಕಳು, ಹೇಗೆ ಕೇಳಿರುತ್ತಾಳೆ, ಮುನ್ನೂರೇ ಪ್ರತಿ, ಒಹಾಯೊ ಹೊಳೆಯ ಈ ದಡ ಬಿಟ್ಟು ಹೋದದ್ದೆಷ್ಟೋ, ಆದರೆ ಹೊದಿಕೆಯ ಹಿಂಬದಿಯಲ್ಲಿ ಅಚ್ಚಾಗಿದೆ, ಡ್ರಮ್ಸ್ ಮಿಲ್ಲಿ ಹ್ರುಶ್ಕಾ, ಅದನ್ನು ಅಳಿಸುವವರು ಹುಟ್ಟಿಲ್ಲ.

ಅಳಿಸಲು ನೋಡಿದವನೊಬ್ಬನಿದ್ದ, ರೆಕಾರ್ಡಿಂಗ್ ಸ್ಟುಡಿಯೊದವನು, ನಮಗಿದ್ದದ್ದು ಎರಡೇ ದಿನ, ಶನಿವಾರ ಭಾನುವಾರ, ಶುಕ್ರವಾರವೇ ಚರ್ಚಿನ ಅಡುಗೆಮನೆಯಲ್ಲಿ ಪಿರೋಗಿ ಕಡುಬು ಬೇಯಿಸುವ ಕುದಿನೀರು ನನ್ನ ಎಡಗೈ ಮೇಲೆ ಬಿತ್ತು, ಬೊಬ್ಬೆಯೆದ್ದ ಕೈಯಲ್ಲಿ ಡ್ರಮ್ಮಿನ ಕಡ್ಡಿ ನಿಲ್ಲದು, ಹಿಡಿದರೆ ಜಾರುತ್ತದೆ, ಶನಿವಾರವೆಲ್ಲ ಅದರಲ್ಲೇ ಹೋಯಿತು, ಭಾನುವಾರ ಬೆಳಿಗ್ಗೆ ಅವನು ಗಿಟಾರಿನ ಆರಿನ್‌ನನ್ನು ಕರೆದು, ನನ್ನ ಕಡೆ ಒಬ್ಬನಿದ್ದಾನೆ ಕರೆಸ್ತೀನಿ, ಹೇಗೂ ಇದು ಹುಡುಗೀರ ಕೈಲಾಗೋ ಬಾಜಾ ಅಲ್ಲ, ಎಂದ, ನಾನು ಅಲ್ಲೇ ಇದ್ದೆ, ನನ್ನ ಮುಖ ಸಹ ನೋಡಲಿಲ್ಲ, ಆರಿನ್ ಗಿಟಾರಿನ ವಯರು ಕಿತ್ತು ಸುತ್ತುತ್ತ, ಇವಳಿಲ್ದಿದ್ರೆ ನಮ್ ಹಾಡೂ ಇಲ್ಲ ಎಂದ — ಆದರೆ ನನಗೆ ಅವನ ಕರುಣೆಯೂ ಬೇಡವಾಗಿತ್ತು, ವಯರು ಚುಚ್ಚೋ ಆರಿನ್, ಯಾರಾದ್ರೂ ಟೇಪ್ ಕೊಡಿ ಎಂದೆ, ಕಡ್ಡಿಯನ್ನು ಅಂಗೈಗೇ ಸುತ್ತಿಸಿಕೊಂಡೆ, ಏಳು ನಿಮಿಷದ ಹಾಡು, ಮೂರನೇ ನಿಮಿಷಕ್ಕೆ ಬೊಬ್ಬೆ ಒಡೆಯಿತು, ಟೇಪಿನಡಿ ಬಿಸಿನೀರು ಹರಿದಂತೆ, ನಿಲ್ಲಿಸಲಿಲ್ಲ, ಏಟು ತಪ್ಪಲಿಲ್ಲ, ಒಂದೂ ತಪ್ಪಲಿಲ್ಲ, ಮುಗಿದಾಗ ಗಾಜಿನಾಚೆಯಿಂದ ಸ್ಟುಡಿಯೊದವನು, ಇದನ್ನ ಇನ್ನೊಂದ್ಸಲ ಬಾರಿಸೋದು ಬೇಡ, ಎಂದಷ್ಟೇ ಹೇಳಿದ, ರೆಕಾರ್ಡಿನ ತಟ್ಟೆಯಲ್ಲಿರುವುದು ಅದೇ, ಇವತ್ತಿಗೂ ಅದೇ, ಮತ್ತೆ ಟಿಂ ಎಂದಿತೇನೋ, ಒತ್ತಲಿಲ್ಲ, ಇರಲಿ — ಅಪ್ಪನಿಗೆ ಆ ವರ್ಷ ಇಷ್ಟೂ ಕೇಳುತ್ತಿರಲಿಲ್ಲ, ಮೂವತ್ತು ವರ್ಷ ಉಕ್ಕಿನ ಹಾಳೆ ಎಳೆಯುವ ಯಂತ್ರದ ಪಕ್ಕ ನಿಂತವನು, ಕಾರ್ಖಾನೆ ಮುಚ್ಚಿ ಕೆಲಸವನ್ನೂ ಕಸಿದುಕೊಂಡಿತ್ತು, ನಾವು ಬಾರಿಸುವ ಕಡೆಗೆ ಒಂದು ದಿನವೂ ಬಂದವನಲ್ಲ, ಪಾತ್ರೆ ಕುಟ್ಟೋಕೆ ಹೋದ್ಲು ಎನ್ನುತ್ತಿದ್ದ, ರೆಕಾರ್ಡು ಮನೆಗೆ ಬಂದ ದಿನ ಊಟ ಬಿಟ್ಟೆದ್ದು ಹಾಕು ನೋಡೋಣ ಎಂದ, ಹಾಕಿದೆ, ಇನ್ನೂ ಜೋರು, ಇನ್ನೂ, ಬೀರುವಿನ ಪಿಂಗಾಣಿ ಕುಣಿಯಿತು, ಅಮ್ಮ ಕಿವಿ ಮುಚ್ಚಿಕೊಂಡಳು, ಅಪ್ಪ ಹತ್ತಿರ ಬಂದ, ಆರಿಸಿಬಿಡುತ್ತಾನೆ ಎಂದುಕೊಂಡೆ, ಇಲ್ಲ, ಸ್ಪೀಕರಿನ ಮುಂದೆ ಮಂಡಿಯೂರಿದ, ಎರಡು ಬೆರಳಿಲ್ಲದ ಅಂಗೈಯನ್ನು ಅದರ ಬಟ್ಟೆಗೆ ಒತ್ತಿ ಕಣ್ಣು ಮುಚ್ಚಿದ, ಏಳು ನಿಮಿಷವೂ ಹಾಗೇ, ಆಮೇಲೆ ಕಣ್ಣು ತೆರೆಯದೆ, ಈ ಎಡಗೈ ಏಟು ನಿಂದಾ ಮಿಲ್ಲಿ, ಎಂದ, ಹೌದಪ್ಪ ಎಂದದ್ದು ಅವನಿಗೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ, ಇನ್ನೊಂದ್ಸಲ ಹಾಕು — ಹಾಕಿದೆ, ಮತ್ತೆ ಆ ಅಂಗೈ, ಎರಡು ಬೆರಳಿಲ್ಲದ್ದು, ಬಟ್ಟೆಗೊತ್ತಿದ್ದು, ನನ್ನ ಒಂದೊಂದು ಏಟಿಗೂ ನಡುಗುತ್ತಿದ್ದ ಆ ಅಂಗೈ —